ಗೋಡೆಗೆ ಹೊಟ್ಟೆ ಉಂಟು

ಇದಿನಬ್ಬ ಬೆರಳ ಗೆಣ್ಣಿನಿಂದ ಗೋಡೆ ತಟ್ಟಿದರು,
ಹಲಸಿನಕಾಯಿ ಬಲಿತಿದೆಯೇ ನೋಡುವ ಹಾಗೆ.
ಸಿಂಕಿನಿಂದ ಮೂಲೆಯವರೆಗೂ ಟೊಳ್ಳು.
"ಎಲ್ಲ ಕೆಡವಬೇಕು ಟೀಚರ್. ಮತ್ತೆ ಈ ಹಲಗೆ,
ಇದು ಇದ್ರೆ ಕರಣೆ ಒಳಗೆ ಹೋಗುವುದಿಲ್ಲ.
ಅರ್ಧ ಸಾರಣೆ ಮಾಡುವ ಜನ ನಾನಲ್ಲ.
ನಾಳೆ ಎಂಟಕ್ಕೆ ಬರ್ತೇನೆ, ತೆಗೆದಿಡಿ."

ಕುಲಶೇಖರದ ಈ ಮನೆಗೆ ಹನ್ನೊಂದು ವರ್ಷ,
ಕಪಾಟಿನ ಕೊನೆಯ ಈ ಆಳೆತ್ತರದ ಹಲಗೆಗೂ ಅಷ್ಟೇ.
ಮಾಡಿದವರು ಪುರಂದರ ಆಚಾರಿ.
ಕೂರಿಸುವ ಮೊದಲು ಮೇಜಿಗೆ ಒರಗಿಸಿಟ್ಟಿದ್ದರು.
ಕರಿಹಲಗೆಗೆ ಗೆರೆ ಎಳೆಯುವ ಮರದ ಸ್ಕೇಲು ತಂದು
ಅದರ ಹಿಂದಂಚಿಗೆ ಹಿಡಿದು ತೋರಿಸಿದ್ದೆ:
"ನೋಡಿ, ಇಲ್ಲಿ ಬಾಗಿದೆ."
ಅವರು ಸ್ಕೇಲನ್ನು ನೋಡಿದರು, ಗೋಡೆಯನ್ನು ನೋಡಿದರು.
ಮುನ್ನೂರು ಹಿಡಿದು ಕೊಟ್ಟ ಕೂಲಿಯನ್ನು
ಎಣಿಸದೆ ಕಿಸೆಗೆ ಹಾಕಿಕೊಂಡು
ಸ್ಟೇಟ್‌ಬ್ಯಾಂಕಿನ ಬಸ್ಸು ಹತ್ತಿದರು.

ರಾತ್ರಿ ಊಟ ಮುಗಿಸಿ ಕೆಲಸಕ್ಕೆ ಕೂತೆ.
ಹೊರಗೆ ಬಂದವು ಕುಚ್ಚಲಕ್ಕಿ ಡಬ್ಬಿ, ಜಾರಿಗೆಯ ಭರಣಿ,
ಪಾತ್ರೆ ಕಳಕೊಂಡ ಮೂರು ಮುಚ್ಚಳ.
ಹಲಗೆಗೂ ಗೋಡೆಗೂ ನಡುವಿನ ಸಿಲಿಕಾನನ್ನು
ಬಂಗುಡೆ ಕೊಯ್ಯುವ ಚೂರಿಯಲ್ಲೇ ಸೀಳಿದೆ,
ಕಿವಿರಿನಿಂದ ಬಾಲದವರೆಗೆ, ಒಂದೇ ಎಳೆತ.
ಕಪಾಟಿನೊಳಗೆ ತಲೆ ತೂರಿ, ಟಾರ್ಚು ಹಲ್ಲಲ್ಲಿ ಕಚ್ಚಿ
ಸ್ಕ್ರೂ ಎಣಿಸಿದೆ: ಎಂಟು.
ಐದು, ಹೇಳಿದ ಮಾತು ಕೇಳಿದವು.
ಎರಡಕ್ಕೆ ತೆಂಗಿನೆಣ್ಣೆ ಬಿಟ್ಟು
ಪಕ್ಕದ ಮನೆಯ ಧಾರಾವಾಹಿ ಮುಗಿಯುವ ತನಕ ಕಾದೆ.
ಕೊನೆಯದು ಕಡಲ ಗಾಳಿ ತಿಂದದ್ದು,
ತಲೆ ಸವೆದು, ಸುತ್ತಿದ್ದೇ ಸುತ್ತಿದ್ದು.
ರಬ್ಬರ್ ಬ್ಯಾಂಡು ಅಡ್ಡ ಇಟ್ಟು ಒತ್ತಿ ತಿರುಗಿಸಬೇಕೆಂದು
ನನಗೆ ಹೇಳಿಕೊಟ್ಟವನು ಏಳನೇ ಕ್ಲಾಸಿನ ಒಬ್ಬ ಹುಡುಗ,
ನನ್ನ ಲೆಕ್ಕದಲ್ಲಿ ಮೂರು ಸಲ ಫೇಲು.

ಟಕ್.
ಹಲಗೆ ನನ್ನ ಹೆಗಲಿಗೆ ಒರಗಿತು,
ಬಸ್ಸಿನಲ್ಲಿ ನಿದ್ದೆ ಹೋದ ಯಾರೋ ಹೆಂಗಸಿನ ಹಾಗೆ.

ಒಳಮೈಗೆ ಬಣ್ಣವಿಲ್ಲ, ಲ್ಯಾಮಿನೇಟಿಲ್ಲ,
ಬರೀ ಪ್ಲೈವುಡ್ಡು. ಅದರ ಮೇಲೆ ಪೆನ್ಸಿಲು.
ಗೇಣಿಗೊಂದು ಗೆರೆ, ಗೆರೆಗೊಂದು ಅಂಕೆ:
ಸೊನ್ನೆ, ಎರಡು, ಐದು, ಒಂಬತ್ತು,
ಹನ್ನೊಂದು, ಎಂಟು, ಮೂರು, ಸೊನ್ನೆ.
ಕೆಳಗೆ, ಓರೆ ಅಕ್ಷರದಲ್ಲಿ:
ಗೋಡೆಗೆ ಹೊಟ್ಟೆ ಉಂಟು.

ಅಂಗೈ ಆಡಿಸಿ ನೋಡಿದೆ. ಹೌದು.
ಹನ್ನೊಂದು ವರ್ಷ ಇದರ ಎದುರೇ ಕೂತು
ಕಾಯಿ ತುರಿದಿದ್ದೇನೆ.

ಇದಿನಬ್ಬ ಬಂದರು, ಕೆಡವಿದರು.
ಕೆಂಪುಕಲ್ಲು ಒದ್ದೆ ಮೈಯಲ್ಲಿ ಒಂದು ದಿನ ಗಾಳಿಗೆ ನಿಂತಿತು.
ತೂಗುಗುಂಡು ಬಿಟ್ಟು, ಒಂದು ಕಣ್ಣು ಮುಚ್ಚಿ,
ಎಳೆದರು ನೋಡಿ ಸಾರಣೆ, ಪೂರಿ ಲಟ್ಟಿಸಿದ ಹಾಗೆ ಸಪಾಟು!
ಏಳು ದಿನ ಬೆಳಿಗ್ಗೆ ಸಂಜೆ ಗೋಡೆಗೆ ನೀರು ಹೊಡೆದೆ.
ಎಂಟನೇ ದಿನ ಹಲಗೆ ಮರಳಿ ಕೂರಿಸಿದರೆ
ಮೇಲೆ ತಾಗುತ್ತದೆ, ಕೆಳಗೆ ತಾಗುತ್ತದೆ,
ನಡುವೆ ಕಿರುಬೆರಳು ಹೋಗುವಷ್ಟು ಬಾಯಿ.
ಗೋಡೆ ನೆಟ್ಟಗಾಯಿತು, ತಪ್ಪು ಹಲಗೆಯದ್ದಾಯಿತು.
"ಪುಟ್ಟಿ ತುಂಬಿಸುವುದಾ?"
"ಬೇಡ, ಇರಲಿ."

ಹಳೆಯ ಡೈರಿಯಲ್ಲಿ ನಂಬರು ಸಿಕ್ಕಿತು.
ಆ ಕಡೆ ಮೆಷಿನಿನ ಸದ್ದು, ಸುರತ್ಕಲ್ಲೋ ಎಲ್ಲೋ.
"ಕುಲಶೇಖರದಿಂದ... ಟೀಚರು..."
"ಯಾವ ಮನೆ? ಓ! ಸ್ಕೇಲು ಟೀಚರ್!"
ನಕ್ಕರು. ನಾನು ಅಂಕೆಗಳ ವಿಷಯ ಹೇಳಿದೆ.
"ಹೊಟ್ಟೆ ಇಲ್ಲದ ಗೋಡೆ ನಾನು ಇಷ್ಟರವರೆಗೆ ನೋಡಲಿಲ್ಲ ಟೀಚರ್.
ಆ ಕಡೆ ಬಂದಾಗ ಒಂದು ಪಟ್ಟಿ ಹೊಡೆದು ಕೊಡ್ತೇನೆ."
ಮುನ್ನೂರರ ಮಾತು ಎತ್ತುವ ಮೊದಲೇ
ಮೆಷಿನು ಮತ್ತೆ ಸುರುವಾಯಿತು.

ಆ ಸಂದಿಯಲ್ಲಿ ಈಗ ಕರೆಂಟು ಬಿಲ್ಲು ಸಿಕ್ಕಿಸುತ್ತೇನೆ,
ಗ್ಯಾಸಿನ ಪುಸ್ತಕ, ಪಂಚಾಂಗದ ಹರಿದ ಹಾಳೆ.
ಅವುಗಳ ಹಿಂದೆ ಒಂದು ಲಕೋಟೆ, ಒಳಗೆ ಮುನ್ನೂರು.
ಬಡ್ಡಿ ಎಷ್ಟು ಸೇರಿಸಬೇಕೆಂದು
ಇನ್ನೂ ಲೆಕ್ಕ ಹಾಕುತ್ತಿದ್ದೇನೆ.